ಶಿವಗಿರಿಯಿಂದ ಶೇರ್ಜಾ ಬುರುಜಿಗೆ

ಜೈನಾಪುರ, ಬಬಲೇಶ್ವರದ ಕಡೆಯಿಂದ ದವಾಖಾನೆಗೋ ಕೋರ್ಟಿಗೋ ಸಂತೆಗೋ ಅಂತ ವಿಜಯಪುರಕ್ಕೆ ಬಂದವರು, ವಾಪಸ್ ಬಸ್ಸಿಗೆ ಹೊತ್ತಿದ್ದರೆ ಶಿವಗಿರಿಯ ಆಟೋ ಹತ್ತುತ್ತಾರೆ. ಗೋಳಗುಮ್ಮಟವನ್ನು ಶಾಲೆಯಲ್ಲಿದ್ದಾಗಲೇ ನೋಡಿ, ಒಳಗೆ ನಿಂತು ಕೂಗಿಯೂ ಆಗಿರುತ್ತದೆ. ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದವರಿಗಂತೂ ಶಿವಗಿರಿಯ ದೊಡ್ಡ ಶಿವನ ಮೂರ್ತಿಯೇ ಬೇಕು.

ಊರಿನ ಪೂರ್ವಕ್ಕೆ ಹೋಗುತ್ತಿದ್ದಂತೆ ಕಟ್ಟಡಗಳ ಸಂದಿಯಲ್ಲಿ ಒಮ್ಮೆ ಜಟೆ, ಒಮ್ಮೆ ಭುಜ ಕಾಣಿಸಿ ಮರೆಯಾಗುತ್ತದೆ. ಈ ಸೀಮೆಯ ನೆಲ ಬಯಲು. ಇಲ್ಲಿ 85 ಅಡಿ ಎತ್ತರ ಎಂದರೆ ಸಣ್ಣ ಮಾತಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ಹೈದರ್ ಖಾನ್ ಕಟ್ಟಿಸಿದ, ಶತ್ರು ಬರುವುದನ್ನು ದೂರದಿಂದಲೇ ನೋಡಲೆಂದು ಎತ್ತಿದ ಉಪ್ಪಲಿ ಬುರುಜೇ ಸುಮಾರು 80 ಅಡಿ. ಕೂತ ಶಿವ ಅದನ್ನೂ ಮೀರಿಸಿದ್ದಾನೆ.

ಟಿ.ಕೆ. ಪಾಟೀಲ ಬನಕಟ್ಟಿ ಚಾರಿಟೇಬಲ್ ಟ್ರಸ್ಟ್ ಕಟ್ಟಿಸಿದ ಈ ಮೂರ್ತಿ 2006ರ ಫೆಬ್ರವರಿ 26ರಂದು, ಶಿವರಾತ್ರಿಯ ದಿನ ಲೋಕಾರ್ಪಣೆಯಾಯಿತು. ಶಿವಮೊಗ್ಗದ ಶಿಲ್ಪಿಗಳು ಹದಿಮೂರು ತಿಂಗಳಿಗೂ ಹೆಚ್ಚು ಕಾಲ ಇಲ್ಲಿ ದುಡಿದರು. ತೂಕ ಸುಮಾರು 1500 ಟನ್ ಎನ್ನುತ್ತಾರೆ. ಮುರುಡೇಶ್ವರದ 123 ಅಡಿಯ ಶಿವನನ್ನು ಮಾಡಿದ ಕಾಶೀನಾಥರೂ ಶಿವಮೊಗ್ಗದವರೇ. ಸಿಮೆಂಟಿನಲ್ಲಿ ದೊಡ್ಡ ದೇವರು ಬೇಕೆಂದವರು ಮಲೆನಾಡಿನ ದಾರಿ ಹಿಡಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದು ಎರಡನೆಯ ಅತಿ ಎತ್ತರದ ಶಿವ ಎಂಬ ಮಾತು ಆಗ ಜೋರಾಗಿ ಕೇಳಿಬಂತು. ಈಗ ರಾಜಸ್ಥಾನದ ನಾಥದ್ವಾರದಲ್ಲಿ 369 ಅಡಿಯವನಿದ್ದಾನೆ. ಎತ್ತರದ ಪೈಪೋಟಿಗಿಳಿದ ದೇವರಿಗೆ ಪದವಿ ಖಾಯಂ ಅಲ್ಲ.

ಮೂರ್ತಿಯ ಕೆಳಗೆ ಇನ್ನೊಂದು ಚಿಕ್ಕ ಶಿವಮೂರ್ತಿಯೂ ಶಿವಲಿಂಗವೂ ಇವೆ. ಕಾಯಿ, ಕರ್ಪೂರ, ಕೈಮುಗಿತ ಎಲ್ಲ ಅಲ್ಲಿ. ಹೊರಗಿನ ದೊಡ್ಡ ಶಿವನಿಗೆ ಸಲ್ಲುವುದು ಮುಖ್ಯವಾಗಿ ಫೋಟೋ. ಹೆಂಡತಿ ಮಕ್ಕಳನ್ನು ಮುಂದೆ ನಿಲ್ಲಿಸಿದವನು ಮೊಬೈಲ್ ಹಿಡಿದು ಹಿಂದೆ ಹಿಂದೆ ಸರಿಯುತ್ತಲೇ ಹೋಗುತ್ತಾನೆ. ಜಟೆ ಚೌಕಟ್ಟಿಗೆ ಬರುವಷ್ಟರಲ್ಲಿ ಮನೆಮಂದಿಯ ಮುಖ ಗುರುತೇ ಸಿಗದಷ್ಟು ಸಣ್ಣದಾಗಿರುತ್ತದೆ. ನನ್ನ ಪಕ್ಕದಲ್ಲೊಬ್ಬ ಹುಡುಗ ಕತ್ತೆತ್ತಿ ನೋಡಿ ಅಜ್ಜಿಯನ್ನು ಕೇಳಿದ: "ಆಯಿ, ಕೊಳ್ಳಾಗಿನ ಹಾವು ಖರೇದೈತೇನು?" "ಖರೇ ಇದ್ದಿದ್ರ ನೀ ಇಲ್ಲಿ ನಿಲ್ತಿದ್ದೇನಲೇ?" ಎಂದಳು ಮುದುಕಿ.

ಪಾದದ ಬುಡದಲ್ಲಿ ನಿಂತರೆ ಮುಖ ಸರಿಯಾಗಿ ದಕ್ಕುವುದಿಲ್ಲ. ಇಂಥ ಮೂರ್ತಿ ಮಾಡುವವರಿಗೆ ಅದು ಗೊತ್ತಿರುತ್ತದೆ. ಕೆಳಗಿನಿಂದ ನೋಡುವವರ ಕಣ್ಣಿಗೆ ತಲೆ ಕಿರಿದಾಗಬಾರದೆಂದು ಅಳತೆಯನ್ನು ಮೇಲೆ ಮೇಲೆ ತುಸು ಹಿಗ್ಗಿಸಬೇಕು. ಕಲ್ಲಿನಂತೆ ಬೇಡದ್ದನ್ನು ಕೆತ್ತಿ ತೆಗೆಯುವ ಕೆಲಸವೂ ಇದಲ್ಲ. ಕಬ್ಬಿಣದ ಹಂದರ ಎಬ್ಬಿಸಿ, ಅದರ ಮೇಲೆ ಗಾರೆ ಮೆತ್ತುತ್ತ, ಒಣಗುವ ಮೊದಲೇ ಹುಬ್ಬು, ತುಟಿ, ಹಾವಿನ ಹೆಡೆ ಎಲ್ಲ ತಿದ್ದಬೇಕು. ಪಳಗಿದ ಕೈಯ ಕೆಲಸವೇ ಹೌದು. ಆದರೂ ಹೇಳಿಬಿಡುತ್ತೇನೆ: ಹತ್ತಿರ ಹೋದಷ್ಟೂ ಈ ಶಿವನಲ್ಲಿ ನೋಡುವುದಕ್ಕೆ ಕಡಿಮೆಯಾಗುತ್ತದೆ.

ಹತ್ತಿರ ಹೋದಷ್ಟೂ ಹೆಚ್ಚು ಕಾಣುವ ಶಿಲ್ಪ ಇದೇ ಊರಿನ ಇನ್ನೊಂದು ತುದಿಯಲ್ಲಿದೆ. ಅದನ್ನು ಯಾರೂ ಶಿಲ್ಪ ಎನ್ನುವುದಿಲ್ಲ, ತೋಪು ಎನ್ನುತ್ತಾರೆ. ಪಶ್ಚಿಮದ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್. ಮೆಟ್ಟಿಲು ಹತ್ತಿದರೆ ಬಯಲಿನಲ್ಲೇ ಬಿದ್ದುಕೊಂಡಿದೆ. ಉದ್ದ ಹದಿನಾಲ್ಕು ಅಡಿಯ ಆಸುಪಾಸು, ತೂಕ ಸುಮಾರು 55 ಟನ್. ಅಹ್ಮದನಗರದ ನಿಜಾಮಶಾಹಿಯಲ್ಲಿದ್ದ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ 1549ರಲ್ಲಿ ಇದನ್ನು ಎರಕ ಹೊಯ್ದ.

ಮುಂದಕ್ಕೆ ಬಂದು ಬಾಯಿ ನೋಡಬೇಕು. ಬಾಯಿ ತೆರೆದ ಸಿಂಹ, ದವಡೆಯ ಹಲ್ಲುಗಳ ಸಂದಿಯಲ್ಲಿ ನಜ್ಜುಗುಜ್ಜಾಗುತ್ತಿರುವ ಪುಟ್ಟ ಆನೆ. ಮೂಗಿನ ತುದಿ ಗುರಿ ನೋಡುವ ಗೂಟ. ಸಿಂಹದ ಕಿವಿಗಳನ್ನು ಕೊರೆದು ಬಳೆಯಾಗಿಸಿದ್ದು ಹಗ್ಗ ಕಟ್ಟಿ ಎಳೆಯಲಿಕ್ಕೆ. ಅಲಂಕಾರಕ್ಕೆಂದು ಬಂದದ್ದೆಲ್ಲ ಒಂದೊಂದು ಕೆಲಸಕ್ಕೂ ನಿಂತಿದೆ. ಮೈ ಕಪ್ಪು ಹಸಿರು, ನುಣುಪು. ಮೇಲೆ ಅರಬ್ಬಿ, ಪಾರ್ಸಿ ಅಕ್ಷರಗಳು. ಅವುಗಳಲ್ಲೊಂದು 1686ರಲ್ಲಿ ಊರು ಗೆದ್ದ ಔರಂಗಜೇಬನು ಕೆತ್ತಿಸಿದ್ದು. ಎಷ್ಟು ಬಿಸಿಲಿದ್ದರೂ ತೋಪು ತಣ್ಣಗಿರುತ್ತದೆ ಎಂದು ಇಲ್ಲಿಯವರು ಹೇಳುತ್ತಾರೆ. ಬೆರಳಿಂದ ತಟ್ಟಿದರೆ ಗಂಟೆಯ ಸದ್ದು ಬರುತ್ತದೆ. ಗಂಟೆ ಮಾಡುವ ಕಂಚೇ ಅದು. ಗಾರೆಯಾದರೆ ಬಿರುಕು ಬಿಟ್ಟಲ್ಲಿ ಮತ್ತೆ ಮೆತ್ತಬಹುದು. ಎರಕ ಹಾಗಲ್ಲ, ಅಷ್ಟು ಲೋಹ ಕಾಯಿಸಿ ಹೊಯ್ದ ಮೇಲೆ ಸಿಂಹದ ಮೂಗು ಸೊಟ್ಟಗಾಗಿದ್ದರೆ ಸೊಟ್ಟಗೇ. ರೂಮಿಯ ಸಿಂಹದ ಮೂಗು ನೆಟ್ಟಗಿದೆ.

ಪರಾಂಡೆ ಕೋಟೆಯಲ್ಲಿದ್ದ ಇದನ್ನು 1632ರಲ್ಲಿ ಯುದ್ಧದ ಗೆಲುವಿನ ಗುರುತಾಗಿ ವಿಜಯಪುರಕ್ಕೆ ಎಳೆದು ತಂದರು. ಹತ್ತು ಆನೆ, ನಾನೂರು ಎತ್ತು, ನೂರಾರು ಆಳುಗಳು ಬೇಕಾದವಂತೆ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಹರಾಜಿಗಿಟ್ಟರು. ಬಂದ ಸವಾಲು 150 ರೂಪಾಯಿ. ಕಡೆಗೆ ಯಾರಿಗೋ ಬುದ್ಧಿ ಬಂದು ಮಾರಾಟ ನಿಲ್ಲಿಸಿದರು. ಇಲ್ಲದಿದ್ದರೂ ಕೊಂಡವನ ಪಾಡೇ ಕಷ್ಟವಿತ್ತು: ಬುರುಜಿನಿಂದ ಇಳಿಸಿ ಒಯ್ಯಲು ಮತ್ತೆ ಅಷ್ಟೇ ಆನೆ ಎತ್ತು ಹೊಂದಿಸಬೇಕಿತ್ತು, ಅವುಗಳ ಮೇವಿನ ಖರ್ಚೇ 150 ದಾಟುತ್ತಿತ್ತು.