ಹುತಾತ್ಮರ ಹೆಸರಿಗೊಂದು ಸಭಾಭವನ

ಬೀದರ್ ಜಿಲ್ಲೆಯ ಗೋರಟಾ (ಬಿ) ಗ್ರಾಮದಲ್ಲಿ 103 ಅಡಿ ಎತ್ತರದ ಧ್ವಜಸ್ತಂಭವಿದೆ. ಜೊತೆಗೆ ಹುತಾತ್ಮರ ಸ್ಮಾರಕ, ಸರ್ದಾರ್ ಪಟೇಲರ ಪ್ರತಿಮೆ. 1948ರ ಮೇ ತಿಂಗಳಲ್ಲಿ ಹೈದರಾಬಾದ್ ನಿಜಾಮರ ಪರ ಹೋರಾಡುತ್ತಿದ್ದ ರಜಾಕಾರರು ಊರಿಗೆ ನುಗ್ಗಿ ಕೊಂದವರ ನೆನಪಿಗೆ ಕಟ್ಟಿದ್ದು. ಉದ್ಘಾಟನೆಯಾದದ್ದು 2023ರ ಮಾರ್ಚ್ 26ರಂದು. ಮುಕ್ಕಾಲು ಶತಮಾನ ತಡವಾಯಿತು, ಆದರೂ ಆಗಲೇಬೇಕಿದ್ದ ಕೆಲಸ. ಸ್ತಂಭದ ಮುಂದೆ ನಿಂತು ಕೈಮುಗಿಯಬಹುದು. ಒಳಗೆ ಹೋಗಿ ಕೂರಲಾಗದು.

ಕೂರಬಹುದಾದ ಸ್ಮಾರಕಗಳೂ ಲೋಕದಲ್ಲಿವೆ. ನ್ಯೂಜಿಲೆಂಡಿನ ಹಳ್ಳಿಗಳು ಮೊದಲ ಮಹಾಯುದ್ಧದ ನಂತರ ಹೆಚ್ಚಾಗಿ ಕಲ್ಲಿನ ಸ್ತಂಭಗಳನ್ನು ನಿಲ್ಲಿಸಿದವು. ಎರಡನೆಯದರ ಬಳಿಕ ಅಲ್ಲಿನ ಸರ್ಕಾರ ಬೇರೆ ದಾರಿ ಹಿಡಿಯಿತು: ಸ್ಮಾರಕವಾಗಿ ಸಮುದಾಯ ಭವನ ಕಟ್ಟುವುದಾದರೆ, ಊರವರು ಕೂಡಿಸಿದ ಪ್ರತಿ ಪೌಂಡಿಗೆ ತಾನೂ ಒಂದು ಪೌಂಡು ಕೊಡುತ್ತೇನೆಂದಿತು. 300ಕ್ಕೂ ಹೆಚ್ಚು ಭವನಗಳಿಗೆ ಒಪ್ಪಿಗೆ ಸಿಕ್ಕಿತು. ವಿಶಾಲವಾದ ಹಾಲ್, ಒಂದು ವೇದಿಕೆ, ಹಿಂದೆ ಅಡುಗೆಮನೆ, ಕಣ್ಣಿಗೆ ಬೀಳುವ ಕಡೆ ಮಡಿದವರ ಹೆಸರಿನ ಫಲಕ. ಕುಣಿತ, ಊಟ ನಡೆಯುವ ಜಾಗ ಸತ್ತವರಿಗೆ ಗೌರವವೇ ಎಂದು ಆಕ್ಷೇಪಿಸಿದವರಿದ್ದರು. ನನಗೆ ಅದೇ ಗೌರವ ಎನಿಸುತ್ತದೆ. ಮದುವೆಗೆ ಬಂದ ಹುಡುಗಿಯೊಬ್ಬಳು ಫಲಕದಲ್ಲಿ ತನ್ನದೇ ಮನೆತನದ ಹೆಸರು ಕಂಡು ಅಜ್ಜಿಯನ್ನು ಕೇಳುತ್ತಾಳಲ್ಲ, ಇತಿಹಾಸ ಅಲ್ಲಿ ಮನೆಮಾತಾಗುತ್ತದೆ.

ಅಷ್ಟು ದೂರವೂ ಹೋಗಬೇಕಿಲ್ಲ. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಒಡೆದಾಗ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ (ಈಗ ಮಹಾರಾಷ್ಟ್ರ) ಹೋದವು. ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ಗಡಿಯಾಚೆಯ ಮಹಾರಾಷ್ಟ್ರ 1980ರ ದಶಕದಲ್ಲಿ ಊರೂರಲ್ಲಿ ‘ಹುತಾತ್ಮ ಸ್ಮಾರಕ’ಗಳನ್ನು ಕಟ್ಟಿತು. ಸ್ತಂಭದ ಜೊತೆಗೆ ಒಂದು ಸಣ್ಣ ಸಭಾಂಗಣವೂ ಇರಬೇಕೆಂಬುದು ಅದರ ಯೋಜನೆ.

ಬೀದರ್ ನಗರದಲ್ಲಿ ಇಂಥ ಕೂರಬಹುದಾದ ಸ್ಮಾರಕಕ್ಕೆ ಹತ್ತಿರದ್ದು ಡಾ. ಚನ್ನಬಸವ ಪಟ್ಟದ್ದೇವರ ಹೆಸರಿನ ಜಿಲ್ಲಾ ರಂಗಮಂದಿರ. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಸ್ವಾಮಿಗಳಾದ ಅವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು, 1999ರಲ್ಲಿ ಲಿಂಗೈಕ್ಯರಾದರು. ಬಂದೂಕಿಲ್ಲದ ಆ ಹೋರಾಟದ ನೆನಪಿನಲ್ಲಿ ಈಗ ನಾಟಕ, ಸಭೆ, ಸಮಾರಂಭ ನಡೆಯುತ್ತವೆ.

ಭವನದ ಪರವಾಗಿ ನನಗಿರುವ ದೊಡ್ಡ ಕಾರಣ ಬೇರೆಯೇ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ನಡೆದ ಮೇಲೆ ಹೈದರಾಬಾದ್ ಸಂಸ್ಥಾನದಲ್ಲಿ ಸಾವಿರಾರು ಮುಸ್ಲಿಮರು ಕೊಲೆಯಾದರು. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಹೆಸರನ್ನೂ ಬರೆಯಿತು. ರಜಾಕಾರರು ಕೊಂದವರ ಮಕ್ಕಳೂ ಆಮೇಲೆ ಸತ್ತ ಆ ಬಡಪಾಯಿಗಳ ಮಕ್ಕಳೂ ಒಂದೇ ಸಂತೆಗೆ ಹೋಗುವವರು. ಒಂದು ಗೋಡೆಯ ಮೇಲೆ ಎರಡೂ ಕಡೆಯ ಹೆಸರಿಗೆ ಜಾಗವಿದೆ, ಒಂದು ಸೂರಿನ ಕೆಳಗೆ ಎರಡೂ ಮನೆಯವರಿಗೆ.

ಹೊಸ ಕಟ್ಟಡ ಬೇಕೆಂದೇನಿಲ್ಲ. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಈಗಾಗಲೇ ಇರುವ ಸಮುದಾಯ ಭವನದ ಗೋಡೆ ಸಾಕು. ಹೆಸರು, ಊರು, ಸತ್ತ ದಿನ ಇಷ್ಟನ್ನು ಗ್ರಾಮ ಪಂಚಾಯಿತಿಯೇ ಬರೆಸಬಹುದು. ಆ ಆಳ್ವಿಕೆ ಕೊನೆಗೊಂಡ ನೆನಪಿನ ಸೆಪ್ಟೆಂಬರ್ 17ರ ಉತ್ಸವದ ದಿನ ಅದನ್ನು ಗಟ್ಟಿಯಾಗಿ ಓದಬಹುದು. ಆದರೆ ಹೆಸರು ಕೇಳಿ ಬರೆದುಕೊಳ್ಳುವ ಕೆಲಸ ಈ ವರ್ಷವೇ ಆಗಬೇಕು: 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ.