ಅಂಗಡಿಯಲ್ಲಿ ಹಾಡು ಹಾಕುವ ಮುನ್ನ

ಹೋಟೆಲಿನವರಿರಲಿ, ಸೀರೆ ಅಂಗಡಿಯವರಿರಲಿ, ಸೆಲೂನು, ಜಿಮ್ಮು ನಡೆಸುವವರಿರಲಿ, ಹಾಡಿನ ಲೈಸೆನ್ಸಿನ ಮಾತೆತ್ತಿದರೆ ಮೊದಲು ಬರುವ ಉತ್ತರ ಒಂದೇ: “ತಿಂಗಳು ತಿಂಗಳು ದುಡ್ಡು ಕಟ್ಟಿ ಆ್ಯಪ್ ಇಟ್ಕೊಂಡಿದೀನಿ ಸಾರ್, ಕದ್ದು ಹಾಕ್ತಿಲ್ಲ.” ಅವರು ಹೇಳುವುದು ಸುಳ್ಳಲ್ಲ. ದುಡ್ಡು ಕಟ್ಟಿರುವುದು ನಿಜ. ಆದರೆ ಸ್ಪಾಟಿಫೈನಂಥ ಸೇವೆಗಳು ಆ ದುಡ್ಡಿಗೆ ಕೊಡುವುದು ಖಾಸಗಿಯಾಗಿ, ವ್ಯಾಪಾರದ ಉದ್ದೇಶವಿಲ್ಲದೆ ಹಾಡು ಕೇಳುವ ಅವಕಾಶವನ್ನಷ್ಟೇ. ‘ಒಪ್ಪಿದ್ದೇನೆ’ ಎಂದು ಒತ್ತುವಾಗ ಯಾರೂ ಓದದ ಆ ಉದ್ದನೆಯ ಕರಾರಿನಲ್ಲೇ ಇದನ್ನು ಬರೆದಿರುತ್ತಾರೆ. ಫೋನಿಗೆ ಸ್ಪೀಕರ್ ಸಿಕ್ಕಿಸಿ ಇಪ್ಪತ್ತು ಟೇಬಲ್ಲಿನ ಗಿರಾಕಿಗಳಿಗೆ ಕೇಳಿಸಿದ ಕೂಡಲೇ ನೀವು ಆ ಕರಾರಿನಿಂದಾಚೆಗೆ ಕಾಲಿಟ್ಟಿರಿ. ಅಲ್ಲಿಂದ ಮುಂದೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಮಾತು.

ಕಾಯ್ದೆ ಹೇಳುವುದನ್ನು ಚುಟುಕಾಗಿ ಮುಗಿಸೋಣ. ಒಂದು ಕೃತಿಯ ಹಕ್ಕು ಹೊಂದಿದವರಿಗೆ ಅದರ ಪ್ರತಿ ಮಾಡುವ, ಮಾರುವ ಹಕ್ಕಿರುವಂತೆ ಅದನ್ನು ಸಾರ್ವಜನಿಕರಿಗೆ ತಲುಪಿಸುವ ಹಕ್ಕೂ ಪ್ರತ್ಯೇಕವಾಗಿ ಇದೆ. ಸಿ.ಡಿ. ಕೊಂಡವರಿಗೆ ಸಿ.ಡಿ. ಬಂತು, ಈ ಹಕ್ಕು ಬರಲಿಲ್ಲ. ‘ತಲುಪಿಸುವುದು’ ಎಂದರೇನೆಂದು ಕಾಯ್ದೆ ಬಿಡಿಸಿ ಹೇಳಿದೆ: ಕೇಳಲು ಸಿಗುವಂತೆ ಮಾಡಿದರೆ ಸಾಕು, ನಿಜಕ್ಕೂ ಯಾರಾದರೂ ಕೇಳಿದರೇ ಎನ್ನುವುದು ಲೆಕ್ಕಕ್ಕಿಲ್ಲ. ‘ಆ ಹೊತ್ತಿಗೆ ಅಂಗಡೀಲಿ ನರಪಿಳ್ಳೆ ಇರಲಿಲ್ಲ’ ಎಂಬ ವಾದ ಇಲ್ಲಿಗೆ ಬಿದ್ದುಹೋಯಿತು. ಕೇಬಲ್ಲು, ಉಪಗ್ರಹಗಳ ಮೂಲಕ ಏಕಕಾಲಕ್ಕೆ ಹೋಟೆಲಿನ ರೂಮು ರೂಮಿಗೆ ಹರಿಯುವ ಸಂಗೀತವೂ ಸಾರ್ವಜನಿಕವೇ, ರೂಮಿನೊಳಗೆ ಒಬ್ಬನೇ ಅತಿಥಿ ಬಾಗಿಲು ಹಾಕಿಕೊಂಡು ಮಲಗಿದ್ದರೂ.

ಈ ಲೆಕ್ಕಾಚಾರ ಶುರುವಾದದ್ದು ಒಂದು ಲೋಟ ಸಕ್ಕರೆ ನೀರಿನಿಂದ. ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ 1847ರಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ರಚನೆಕಾರ ಕೂತಿದ್ದಾಗ ಅಲ್ಲಿನ ವಾದ್ಯದವರು ಅವನದೇ ಸಂಗೀತ ನುಡಿಸುತ್ತಿದ್ದರು. ಬಿಲ್ಲು ಬಂತು. ನನ್ನ ಸಂಗೀತಕ್ಕೆ ನೀವು ಕಾಸು ಕೊಡುವುದಿಲ್ಲವಾದರೆ ನಿಮ್ಮ ಪಾನೀಯಕ್ಕೆ ನಾನೇಕೆ ಕೊಡಲಿ ಎಂದ. ಜಗಳ ಕೋರ್ಟಿಗೆ ಹೋಗಿ ಅವನು ಗೆದ್ದ. ಆ ಗೆಲುವಿನ ಬೆನ್ನಿಗೇ 1851ರಲ್ಲಿ ಸಾಸೆಮ್ ಎಂಬ ಸಂಸ್ಥೆ ಹುಟ್ಟಿತು. ಸಂಗೀತಗಾರರ ಪರವಾಗಿ ಊರೂರಿನ ಕೆಫೆಗಳಿಂದ ಹಣ ವಸೂಲು ಮಾಡಿ ಹಂಚುವ ಕೆಲಸವನ್ನು ಅದು ಈಗಲೂ ಮಾಡುತ್ತಿದೆ. ಅಮೆರಿಕದಲ್ಲಿ 1917ರಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂತು. ಊಟಕ್ಕೆ ಮಾತ್ರ ಹಣ, ಸಂಗೀತ ಪುಕ್ಕಟೆ, ಅದರಿಂದ ಲಾಭವೆಲ್ಲಿ ಬಂತು ಎಂದು ನ್ಯೂಯಾರ್ಕಿನ ಶಾನ್ಲಿ ರೆಸ್ಟೋರೆಂಟಿನವರು ವಾದಿಸಿದರು. ನ್ಯಾಯಮೂರ್ತಿ ಹೋಮ್ಸ್ ಒಪ್ಪಲಿಲ್ಲ. ಗಿರಾಕಿ ಕೊಡುವ ಒಟ್ಟು ಬಿಲ್ಲಿನಲ್ಲಿ ಸಂಗೀತದ ಪಾಲೂ ಇದೆ, ಲಾಭವಿಲ್ಲದಿದ್ದರೆ ಯಾರೂ ಅದನ್ನು ಹಾಕುವುದೇ ಇಲ್ಲ ಎಂಬುದು ಅವರ ತೀರ್ಪಿನ ಸಾರ. ‘ನಾನು ಹಾಡಿಗೆ ಛಾರ್ಜ್ ಮಾಡ್ತಾ ಇಲ್ವಲ್ಲ’ ಎನ್ನುವವರಿಗೆ ಕೊಡಬೇಕಾದ ಉತ್ತರಕ್ಕೆ ಶತಮಾನ ದಾಟಿದೆ.

ಈಗ ನನಗೆ ಇಷ್ಟವಾದ, ಕೇಳುವವರಿಗೆ ತಲೆನೋವಾದ ಭಾಗಕ್ಕೆ ಬರೋಣ. “ಒಂದು ಹಾಡಿಗೆ ಎರಡೆರಡು ಕಡೆಯವರು ಬಿಲ್ಲು ಹಿಡ್ಕೊಂಡು ಬರ್ತಾರಲ್ಲ, ಇದ್ಯಾವ ನ್ಯಾಯ?” ಎಂದು ಕೇಳದ ಮಾಲೀಕರಿಲ್ಲ. ಸೈಟು ಒಬ್ಬರದು, ಅದರ ಮೇಲಿನ ಕಟ್ಟಡ ಇನ್ನೊಬ್ಬರದು ಆಗಿರುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಹಾಡಿನದೂ ಹಾಗೆಯೇ. ಕವಿ ಬರೆದ ಸಾಹಿತ್ಯ ಒಂದು ಕೃತಿ. ಸಂಗೀತ ನಿರ್ದೇಶಕರು ಹಾಕಿದ ರಾಗ ಎರಡನೆಯ ಕೃತಿ. ಇವೆರಡನ್ನೂ ಗಾಯಕರಿಂದ ಹಾಡಿಸಿ, ವಾದ್ಯ ಸೇರಿಸಿ ಸ್ಟುಡಿಯೋದಲ್ಲಿ ಹಿಡಿದಿಟ್ಟ ಧ್ವನಿಮುದ್ರಣ ಮೂರನೆಯದು. ಮೊದಲಿನ ಎರಡಕ್ಕೂ ಕರ್ತೃ ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷ ರಕ್ಷಣೆ. ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ವರ್ಷದ ಕೊನೆಯಿಂದ 60 ವರ್ಷ. ಮೂರಕ್ಕೂ ಗಡಿಯಾರ ಬೇರೆ ಬೇರೆ.

ಒಂದು ಹಾಡನ್ನು ಕೈಗೆತ್ತಿಕೊಂಡು ನೋಡಿದರೆ ಇದು ತಟ್ಟನೆ ಹೊಳೆಯುತ್ತದೆ. ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ ಚಿತ್ರ ಬಂದದ್ದು 1964ರಲ್ಲಿ. ಅದರ ಜನಪ್ರಿಯ ಲಾಲಿಹಾಡಿನ ಗ್ರಾಮಫೋನ್ ತಟ್ಟೆ ಅದೇ ವರ್ಷ ಹೊರಬಂತು ಎಂದಿಟ್ಟುಕೊಂಡರೆ ಧ್ವನಿಮುದ್ರಣದ ಹಕ್ಕು 2024ರ ಡಿಸೆಂಬರಿಗೆ ಮುಗಿದಿದೆ. ಹಾಗಾದರೆ ಧಾರಾಳವಾಗಿ ಹಾಕಬಹುದೇ? ತಾಳಿ. ರಾಗ ಹಾಕಿದ ವಿಜಯಭಾಸ್ಕರ್ ತೀರಿಕೊಂಡದ್ದು 2002ರಲ್ಲಿ, ಅಂದರೆ ಅದರ ಹಕ್ಕು 2062ರ ತನಕ. ಸಾಹಿತ್ಯ ಬರೆದ ಆರ್.ಎನ್. ಜಯಗೋಪಾಲ್ ತೀರಿಕೊಂಡದ್ದು 2008ರಲ್ಲಿ, ಅಂದರೆ 2068ರ ತನಕ. ಕಟ್ಟಡದ ಹಕ್ಕು ಮುಗಿದರೂ ಸೈಟಿನವರು ಇದ್ದೇ ಇದ್ದಾರೆ. ತಿರುಗಿಸಿ ನೋಡಿ: ಪುರಂದರದಾಸರ ದೇವರನಾಮದ ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಅದನ್ನು ಹೊಸ ಮಟ್ಟಿನಲ್ಲಿ ಹೋದ ವರ್ಷ ಹಾಡಿ ಬಿಡುಗಡೆ ಮಾಡಿದ್ದರೆ ಆ ಮಟ್ಟು ಒಬ್ಬರದು, ಆ ಮುದ್ರಣ ಇನ್ನೊಬ್ಬರದು, ಎರಡಕ್ಕೂ ಪರವಾನಗಿ ಬೇಕು. ಬೇಂದ್ರೆಯವರ ಕವಿತೆಯಾದರೆ, ಅವರು 1981ರಲ್ಲಿ ತೀರಿಕೊಂಡವರು, 2041 ಮುಗಿಯುವವರೆಗೆ ಸಾಹಿತ್ಯದ ಹಕ್ಕೂ ಸೇರಿಕೊಳ್ಳುತ್ತದೆ.

ಇಷ್ಟು ಹಿಡಿತಕ್ಕೆ ಬಂದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಹೋಟೆಲಿನ ಲಾಬಿಯಲ್ಲಿ ಗಿಟಾರ್ ಹಿಡಿದು ಸಿನಿಮಾ ಹಾಡು ಹಾಡುವ ಹುಡುಗನನ್ನು ಕೂರಿಸಿದರೆ ಮುದ್ರಣದವರಿಗೆ ಕೊಡಬೇಕಿಲ್ಲ, ಏಕೆಂದರೆ ಮುದ್ರಣವೇ ಅಲ್ಲಿಲ್ಲ. ಸಾಹಿತ್ಯ, ಸಂಗೀತದವರಿಗೆ ಕೊಡಬೇಕು. ಅದೇ ಲಾಬಿಯಲ್ಲಿ ವೀಣೆಯವರೊಬ್ಬರು 1847ರಲ್ಲಿ ತೀರಿಕೊಂಡ ತ್ಯಾಗರಾಜರ ಕೃತಿ ನುಡಿಸಿದರೆ ಆ ಕಲಾವಿದರ ಸಂಭಾವನೆ ಬಿಟ್ಟು ಬೇರೆ ಯಾರಿಗೂ ಕಾಸಿಲ್ಲ. ಅದಕ್ಕೇ ಹೇಳುವುದು, ದೊಡ್ಡ ಹೋಟೆಲಿನವರು ಸ್ಪೀಕರಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟನ್ನು ಊರಿನ ಕಲಾವಿದರಿಗೆ ಕೊಟ್ಟು ನೋಡಬಾರದೇಕೆ? ಅದು ಬೇರೆ ವಿಷಯ, ಮುಂದೆ ಹೋಗೋಣ.

ಎರಡು ಬಿಲ್ಲಿನ ಹಿಂದೆ ಒಂದು ಅನ್ಯಾಯದ ಕಥೆಯೂ ಇದೆ. ಸಿನಿಮಾಗೆ ದುಡ್ಡು ತೆಗೆದುಕೊಂಡು ಹಾಡು ಮಾಡಿಕೊಟ್ಟರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಕ್ಕೆಲ್ಲ ನಿರ್ಮಾಪಕರದೇ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಅದೇ ತೀರ್ಪಿನ ಜೊತೆಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕ ಟಿಪ್ಪಣಿ ಬರೆದು ಸಂಗೀತಗಾರರ ಗತಿಯ ಬಗ್ಗೆ ಸಂಸತ್ತಿನ ಗಮನ ಸೆಳೆದರು. ಸಂಸತ್ತು ಎಚ್ಚೆತ್ತದ್ದು 2012ರಲ್ಲಿ. ಆ ವರ್ಷದ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ಬರುವುದನ್ನು ಬಿಟ್ಟು ಬೇರೆಡೆ ಹಾಡು ಬಳಕೆಯಾದರೆ ಸಾಹಿತಿಗೂ ಸಂಯೋಜಕರಿಗೂ ರಾಯಲ್ಟಿಯಲ್ಲಿ ಸಮಪಾಲು ಸಲ್ಲಬೇಕು. ಆ ಪಾಲನ್ನು ಅವರು ಸಹಿ ಹಾಕಿ ಕಂಪನಿಗೆ ಬಿಟ್ಟುಕೊಡುವಂತೆಯೂ ಇಲ್ಲ! ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಅವರ ವಾರಸುದಾರರಿಗೋ ಅವರ ಸಂಘಕ್ಕೋ ಮಾತ್ರ ಬಿಡಬಹುದು. ಕೈ ಬಿಗಿಯಾಗಿದ್ದಾಗ ಎಲ್ಲದಕ್ಕೂ ಸಹಿ ಹಾಕಿಬಿಡುವ ಹಾಡು ಬರಹಗಾರರನ್ನು ಬಲ್ಲವರಿಗೆ ಈ ಒಂದು ಸಾಲಿನ ಬೆಲೆ ಗೊತ್ತು. ಮುದ್ರಣಕ್ಕೆ ಹಣ ಕೊಟ್ಟ ಮೇಲೆ ಇವರಿಗೆ ಮತ್ತೇಕೆ ಎಂಬ ತಕರಾರು ಎಫ್‌ಎಂ ಕೇಂದ್ರಗಳ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿಗೆ ಹೋದಾಗ, 2023ರ ಏಪ್ರಿಲ್‌ನಲ್ಲಿ ಆ ಕೋರ್ಟು ಸಾಹಿತಿ-ಸಂಯೋಜಕರ ಪರ ನಿಂತಿತು. ಗಾಯಕರಿಗೂ 2012ರ ತಿದ್ದುಪಡಿಯಿಂದ ಪ್ರತ್ಯೇಕ ರಾಯಲ್ಟಿಯ ಹಕ್ಕು ಬಂದಿದೆ.

ಹಾಗಾದರೆ ಯಾರಿಗೆ ಕೊಡಬೇಕು? ಸಾಹಿತ್ಯ, ಸಂಗೀತದ ಪಾಲಿಗೆ 1969ರಲ್ಲಿ ಶುರುವಾದ ಐಪಿಆರ್‌ಎಸ್ ಇದೆ. 2017ರಿಂದ ಅದು ಮತ್ತೆ ನೋಂದಾಯಿತ ಹಕ್ಕುಸ್ವಾಮ್ಯ ಸಂಘ. ಇಲ್ಲಿ ಗೊಂದಲ ಕಡಿಮೆ. ಧ್ವನಿಮುದ್ರಣದ ಕಡೆ ಹೋದರೆ ಸಿಕ್ಕುಗಳೇ ಸಿಕ್ಕುಗಳು. ನೋಂದಾಯಿತ ಸಂಘ ಆರ್‌ಎಂಪಿಎಲ್, 2021ರಲ್ಲಿ ಮಾನ್ಯತೆ ಪಡೆದದ್ದು. ಆದರೆ ಬಹಳಷ್ಟು ಕಂಪನಿಗಳ ಮುದ್ರಣಗಳು 1941ರ ಪಿಪಿಎಲ್ ಕೈಯಲ್ಲಿವೆ, ಕೆಲವು ನೋವೆಕ್ಸ್ ಎಂಬ ಸಂಸ್ಥೆಯಲ್ಲಿವೆ. ಇವೆರಡೂ ಈಗ ನೋಂದಾಯಿತ ಸಂಘಗಳಲ್ಲ. ಹಕ್ಕನ್ನು ನಮಗೆ ಬರೆದುಕೊಟ್ಟಿದ್ದಾರೆ, ಮಾಲೀಕರಾಗಿ ಲೈಸೆನ್ಸ್ ಕೊಡುತ್ತೇವೆ ಎನ್ನುವುದು ಅವರ ನಿಲುವು. ಹಾಗೆ ಕೊಡುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟು 2021ರಲ್ಲಿ ಹೇಳಿತು. ಕೊಡಬಹುದು ಎಂದು ಬಾಂಬೆ ಹೈಕೋರ್ಟು 2024ರಲ್ಲಿ ಹೇಳಿತು. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2025ರ ಏಪ್ರಿಲ್‌ನಲ್ಲಿ ರೆಸ್ಟೋರೆಂಟ್ ಸಂಸ್ಥೆಯೊಂದರ ಪ್ರಕರಣದಲ್ಲಿ ಸಂಘದ ಮೂಲಕವೇ ಆಗಬೇಕೆಂದಿತು, ಅದರ ಬೆನ್ನಲ್ಲೇ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರಿಗೆ ಕೊಡಬೇಕೆಂಬ ಜಗಳ ಇದು. ಕೊಡಬೇಕೋ ಬೇಡವೋ ಎಂಬುದರ ಬಗ್ಗೆ ಈ ಕೋರ್ಟುಗಳಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಜಗಳ ಮುಗಿಯಲಿ ಆಮೇಲೆ ನೋಡೋಣ ಎಂದು ಕೂತವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಜನ ಎಡವುವ ಇನ್ನು ಕೆಲವು ಜಾಗಗಳಿವೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಹಾಕಿದರೆ ತಪ್ಪಿಲ್ಲ ಎಂಬ ನಿಯಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ, ಯಾರು ಹುಟ್ಟಿಸಿದರೋ. ರೇಡಿಯೋ ಹಾಕಿದರೆ ಕೇಂದ್ರದವರು ಆಗಲೇ ಕಟ್ಟಿದ್ದಾರಲ್ಲ ಎನ್ನುತ್ತಾರೆ. ಅವರು ಕಟ್ಟಿದ್ದು ಪ್ರಸಾರಕ್ಕೆ. ಅದನ್ನು ನಿಮ್ಮ ಗಿರಾಕಿಗಳಿಗೆ ಕೇಳಿಸುವುದು ನಿಮ್ಮ ಕೆಲಸ, ಅದರೊಳಗಿನ ಹಾಡುಗಳ ಹಕ್ಕು ಹಾಗೇ ಇರುತ್ತದೆ. ಅಮೆರಿಕದಲ್ಲಿ ಚಿಕ್ಕ ಅಂಗಡಿಗಳಿಗೆ ರೇಡಿಯೋ, ಟಿ.ವಿ. ವಿಷಯದಲ್ಲಿ ವಿನಾಯಿತಿ ಉಂಟು, ನಮ್ಮ 52ನೇ ಕಲಮಿನ ಉದ್ದನೆಯ ಪಟ್ಟಿಯಲ್ಲಿ ಅಂಥದ್ದಿಲ್ಲ. ಪೊಲೀಸರಿಂದ ಮೈಕಿಗೆ ಪಡೆದ ಅನುಮತಿ, ಪಾಲಿಕೆಯ ಟ್ರೇಡ್ ಲೈಸೆನ್ಸು ಇದಕ್ಕೆ ಬದಲಿಯಾಗುವುದಿಲ್ಲ. ಬೆಳಗ್ಗೆ ಹೋಟೆಲಿನ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚಿ ಸುಪ್ರಭಾತ ಹಾಕುವವರು ದೇವರ ಹಾಡಿಗೂ ಲೈಸೆನ್ಸೇ ಎಂದು ನೊಂದುಕೊಳ್ಳುತ್ತಾರೆ. ಶ್ಲೋಕ ಹಳೆಯದು, ಮುದ್ರಣ ಹಳೆಯದಾಗಿರಬೇಕಿಲ್ಲ. ನಿಜವಾದ ಧಾರ್ಮಿಕ ಕಾರ್ಯಕ್ಕೆ, ಮದುವೆಯ ಮೆರವಣಿಗೆಗೆ, ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಆಯುಧಪೂಜೆಯ ದಿನ ಪೂಜೆಯ ಹೊತ್ತಿಗೆ ಹಾಕಿದ್ದನ್ನು ಈ ವಿನಾಯಿತಿಯೊಳಗೆ ತರುವ ವಾದಕ್ಕೆ ಬಲವಿದೆ. ದಿನವಿಡೀ ಇಡ್ಲಿ ವಡೆಯ ಜೊತೆ ಕೇಳಿಸುವ ಭಕ್ತಿಗೀತೆಗೆ ಅದು ದಕ್ಕುವುದು ಕಷ್ಟ. ಮದುವೆಯ ವಿನಾಯಿತಿ ಎಲ್ಲಿಯವರೆಗೆ ಹಿಗ್ಗುತ್ತದೆ ಎಂಬುದೂ ವಿವಾದವೇ: ಗೋವಾ ಸರ್ಕಾರ ಈ ಬಗ್ಗೆ ಹೊರಡಿಸಿದ್ದ ಸುತ್ತೋಲೆಯನ್ನು ಬಾಂಬೆ ಹೈಕೋರ್ಟು 2024ರ ಆಗಸ್ಟಿನಲ್ಲಿ ರದ್ದು ಮಾಡಿತು. ಸಮಾರಂಭಕ್ಕೆ ಹಾಲ್ ಬಾಡಿಗೆ ಕೊಡುವವರಿಗೊಂದು ಕಿವಿಮಾತು: ಲಾಭಕ್ಕಾಗಿ ಜಾಗ ಕೊಟ್ಟು ಅಲ್ಲಿ ಹಕ್ಕು ಉಲ್ಲಂಘನೆಯಾದರೆ, ಗೊತ್ತಿರಲಿಲ್ಲ ಎಂದು ತೋರಿಸಲಾಗದಿದ್ದಲ್ಲಿ, ಜಾಗದ ಮಾಲೀಕರೂ 51ನೇ ಕಲಮಿಗೆ ಸಿಗುತ್ತಾರೆ. ಗೊತ್ತಿದ್ದೂ ಉಲ್ಲಂಘಿಸಿದರೆ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ ಸಜೆ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿ ದಂಡ.

ಬಿಲ್ಲು ಹಿಡಿದು ಬಂದವರ ಮುಂದೆ ಹೆದರುವುದೂ ಬೇಡ, ಗದರುವುದೂ ಬೇಡ. ಯಾರ ಪರವಾಗಿ ಬಂದಿದ್ದೀರಿ, ಸಾಹಿತ್ಯ-ಸಂಗೀತದ ಕಡೆಯಿಂದಲೋ ಮುದ್ರಣದ ಕಡೆಯಿಂದಲೋ ಎಂದು ಕೇಳಿ. ಸಂಘವಾದರೆ ನೋಂದಣಿ ತೋರಿಸಲಿ. ದರಪಟ್ಟಿ ಪ್ರಕಟಿಸುವುದು ಸಂಘಗಳ ಮೇಲೆ ಕಡ್ಡಾಯ, ದರ ಅನ್ಯಾಯವೆನಿಸಿದರೆ ಮೇಲ್ಮನವಿಗೂ ದಾರಿಯಿದೆ. ಸಂಘವಲ್ಲದಿದ್ದರೆ ಯಾವ ಕಂಪನಿಯ ಯಾವ ಮುದ್ರಣಗಳ ಹಕ್ಕು ನಿಮಗೆ ಬಂದಿದೆ, ಪಟ್ಟಿ ಕೊಡಿ ಎನ್ನಿ. ಬಾಯಿಮಾತಿನ ಒಪ್ಪಿಗೆ ನಡೆಯುವುದಿಲ್ಲ, ಲೈಸೆನ್ಸು ಬರಹದಲ್ಲೇ ಇರಬೇಕು. ಯಾವ ವಿಳಾಸ, ಎಷ್ಟು ಸೀಟು ಅಥವಾ ಎಷ್ಟು ಅಳತೆಯ ಜಾಗ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಬರೀ ಹಿನ್ನೆಲೆಗೋ ಹೊಸ ವರ್ಷದ ಪಾರ್ಟಿಗೂ ಸೇರಿಯೋ, ಇಷ್ಟೂ ಅದರಲ್ಲಿದೆಯೇ ನೋಡಿ. ಪಾರ್ಟಿಗೆ ಪ್ರತ್ಯೇಕ ದರವಿರುವುದು ಡಿಸೆಂಬರ್ ಮೂವತ್ತೊಂದರ ಸಂಜೆ ಗೊತ್ತಾದರೆ ಯಾರ ಜೊತೆಗೂ ಚೌಕಾಸಿ ಮಾಡಲಾಗುವುದಿಲ್ಲ. ಅಂಗಡಿಗಳಿಗೆಂದೇ ಹಾಡು ಒದಗಿಸುವ ಕಂಪನಿಗಳ ಸೇವೆ ಕೊಂಡರೆ, ಕೇಸು ಬಿದ್ದರೆ ನಷ್ಟ ತುಂಬುವವರು ನೀವೇ ತಾನೆ ಎಂಬ ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ‘ರಾಯಲ್ಟಿ ಫ್ರೀ’ ಎಂಬ ಹಣೆಪಟ್ಟಿ ಕಂಡ ಕೂಡಲೇ ಪುಕ್ಕಟೆ ಎಂದು ತಿಳಿಯಬೇಡಿ, ಬಹುಪಾಲು ಸಲ ಅದರರ್ಥ ಒಮ್ಮೆ ಕೊಟ್ಟರೆ ಮತ್ತೆ ಮತ್ತೆ ಕೊಡಬೇಕಿಲ್ಲ ಎಂದಷ್ಟೆ, ಅದೂ ಕರಾರಿನಲ್ಲಿ ಹೇಳಿದ ಬಳಕೆಗೆ ಮಾತ್ರ.

ಇದೆಲ್ಲದರ ನಡುವೆ ನನ್ನನ್ನು ಕಾಡುವುದು ಆ ತಾರೀಖುಗಳು. ಮೇಲೆ ‘ನಾಂದಿ’ಯ ತಟ್ಟೆ 1964ರಲ್ಲೇ ಬಂತು ಎಂದಿಟ್ಟುಕೊಳ್ಳೋಣ ಎಂದೆ. ಇಟ್ಟುಕೊಳ್ಳುವ ಅಗತ್ಯ ಬೀಳಬಾರದಿತ್ತು. ಗ್ರಾಮಫೋನ್ ಕಾಲದಿಂದ ಈಚಿನ ಪ್ರತಿಯೊಂದು ಕನ್ನಡ ಮುದ್ರಿಕೆಯನ್ನು ಯಾವ ವರ್ಷ ಯಾರು ಹೊರತಂದರು, ಸಾಹಿತ್ಯ ಯಾರದು, ರಾಗ ಯಾರದು, ಅವರು ಯಾವಾಗ ತೀರಿಕೊಂಡರು ಎಂಬುದು ಒಂದು ಕಡೆ ಸಿಗುವಂತಿದ್ದರೆ, ಹಕ್ಕು ಮುಗಿದ ಸಂಗೀತವನ್ನು ಚಿಕ್ಕ ಅಂಗಡಿಯವರು ಧೈರ್ಯವಾಗಿ ಹಾಕಬಹುದು, ಹಕ್ಕು ಇರುವವರ ಮನೆಯವರಿಗೆ ಸಲ್ಲಬೇಕಾದ್ದೂ ತಪ್ಪದೆ ಸಲ್ಲುತ್ತದೆ. ತಟ್ಟೆ ಸಂಗ್ರಹಿಸುವ ಹವ್ಯಾಸಿಗಳು ನಮ್ಮಲ್ಲಿದ್ದಾರೆ, ಸಂಶೋಧನೆಗೆ ವಿಷಯ ಹುಡುಕುವ ಕಾನೂನು ವಿದ್ಯಾರ್ಥಿಗಳೂ ಸಂಗೀತ ವಿದ್ಯಾರ್ಥಿಗಳೂ ಇದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ತಟ್ಟೆಗಳಿದ್ದರೆ ಇಳಿಸಿ. ನಡುವಿನ ಚೀಟಿಯ ಮೇಲಿನ ಸಂಖ್ಯೆಯನ್ನು, ಹೆಸರುಗಳನ್ನು ಬರೆದಿಡಿ. ಅಲ್ಲಿಂದಲೇ ಆ ಪಟ್ಟಿಯ ಕೆಲಸ ಶುರುಮಾಡಬಹುದು.