ಜಮೈಕಾ: ಕಲ್ಪವೃಕ್ಷವು ಕಡಲು ದಾಟಿ ಸೇರಿದ ದ್ವೀಪ

ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪವು ವಿಸ್ತೀರ್ಣದಲ್ಲಿ ತುಮಕೂರು ಜಿಲ್ಲೆಗಿಂತ ತುಸುವೇ ದೊಡ್ಡದು. ಸುಮಾರು 11,000 ಚದರ ಕಿಲೋಮೀಟರು. ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಕ್ರಿಕೆಟ್ ಪ್ರಿಯರಿಗೆ ಅದು ಮೈಕೆಲ್ ಹೋಲ್ಡಿಂಗ್, ಕೋರ್ಟ್ನಿ ವಾಲ್ಷ್ ಅವರ ತವರು. ಪ್ರವಾಸಿಗರಿಗೆ ಬಿಳಿ ಮರಳಿನ ತೀರ, ಬ್ಲೂ ಮೌಂಟನ್ ಕಾಫಿ, ರೆಗೇ ಸಂಗೀತ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿ ವರ್ತಕರಿಗಾದರೋ ಆ ದ್ವೀಪದೊಡನೆ ಹಳೆಯ ನಂಟೊಂದಿದೆ.

ಜಮೈಕಾದ ಚಿತ್ರವೆಂದರೆ ಕಡಲಿಗೆ ಬಾಗಿದ ತೆಂಗಿನ ಮರವಿರಲೇಬೇಕು. ಆದರೆ 1494ರಲ್ಲಿ ಕೊಲಂಬಸ್ ಅಲ್ಲಿಗೆ ಬಂದಾಗ ಒಂದು ತೆಂಗಿನ ಮರವೂ ಇರಲಿಲ್ಲ. ಪೋರ್ಚುಗೀಸರು ಹಿಂದೂ ಮಹಾಸಾಗರದ ಕಡೆಯಿಂದ ಕಾಯಿಗಳನ್ನು ಆಫ್ರಿಕಾದ ಪಶ್ಚಿಮ ತೀರಕ್ಕೆ ಒಯ್ದರು. ಅಲ್ಲಿಂದ ಅವು ಹದಿನಾರನೆಯ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳನ್ನು ಸೇರಿದವು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ಇದನ್ನೇ ದೃಢಪಡಿಸಿತು. 'ಜಮೈಕಾ ಎತ್ತರ' ತಳಿಯು ಭಾರತದ ಪಶ್ಚಿಮ ಕರಾವಳಿಯ ಎತ್ತರದ ತಳಿಗಳ ಬಳಗಕ್ಕೇ ಸೇರಿದ್ದು.

ದ್ವೀಪವನ್ನು 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ಕಿತ್ತುಕೊಂಡರು. ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಗುಲಾಮರನ್ನು ತಂದರು. ಗುಲಾಮಗಿರಿ ರದ್ದಾದ ಬಳಿಕ, 1845ರಿಂದ, ಭಾರತದ ಕರಾರು ಕೂಲಿಗಳನ್ನು ಕರೆಸಿಕೊಂಡರು. ಹೀಗೆ ಹೋದವರು ಸುಮಾರು 36,000 ಮಂದಿ, ಬಹುಪಾಲು ಉತ್ತರ ಭಾರತದವರು. ಬಯಲುಸೀಮೆಯ ಎಲಚಿ ಹಣ್ಣಿಗೆ ಅಲ್ಲಿ ಇಂದಿಗೂ 'ಕೂಲಿ ಪ್ಲಮ್' ಎಂದೇ ಹೆಸರು. ಭಾನುವಾರದ ಊಟಕ್ಕೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಕಾಳಿನ ಅನ್ನ. ಸಿಹಿಗೆ ತೆಂಗಿನ ತುರಿ ಸಕ್ಕರೆಯ ಮಿಠಾಯಿ. ತಿಪಟೂರಿನ ಗೃಹಿಣಿಗೆ ಆ ಅಡುಗೆಮನೆ ಅಪರಿಚಿತವೆನಿಸದು.

1944ರ ಚಂಡಮಾರುತದಲ್ಲಿ ತೆಂಗಿನ ತೋಟಗಳು ಭಾರಿ ಹಾನಿಗೀಡಾದವು. ಮರು ವರ್ಷವೇ ತೆಂಗು ಉದ್ಯಮ ಮಂಡಳಿ ಸ್ಥಾಪನೆಯಾಯಿತು. ಗಾಳಿಗೆ ಬಿದ್ದ ತೋಟವನ್ನು ಮತ್ತೆ ಕಟ್ಟಬಹುದಿತ್ತು. ರೋಗದ ಮಾತು ಬೇರೆ. ದ್ವೀಪದ ಪಶ್ಚಿಮ ಭಾಗದಲ್ಲಿ ದೀರ್ಘಕಾಲದಿಂದ ಇದ್ದ ಮಾರಕ ಹಳದಿ ರೋಗವು 1961ರಲ್ಲಿ ಪೂರ್ವದ ತೆಂಗು ಸೀಮೆಯಲ್ಲಿ ಕಾಣಿಸಿಕೊಂಡಿತು. ಮೊದಲು ಎಳೆಯ ಕಾಯಿಗಳೆಲ್ಲ ಉದುರುತ್ತವೆ, ಹೊಂಬಾಳೆ ಕಪ್ಪಾಗುತ್ತದೆ, ಗರಿ ಹಳದಿಯಾಗುತ್ತದೆ; ಕೆಲವೇ ತಿಂಗಳಲ್ಲಿ ಸುಳಿ ಕಳಚಿ ಬೋಳು ಕಂಬ ಉಳಿಯುತ್ತದೆ. ಇಪ್ಪತ್ತು ವರ್ಷಗಳಲ್ಲಿ ಲಕ್ಷಾಂತರ ಎತ್ತರದ ಮರಗಳು ಸತ್ತವು. ಇಡೀ ದ್ವೀಪವು ಒಂದೇ ತಳಿಯನ್ನು ನೆಚ್ಚಿದ್ದುದೇ ನಾಶಕ್ಕೆ ಇಷ್ಟು ವೇಗ ತಂದಿತು ಎನ್ನಬೇಕು.

ಮಂಡಳಿಯು ಮಲಯನ್ ಗಿಡ್ಡ ತಳಿಯನ್ನೂ, ಅದನ್ನು ಪನಾಮಾ ಎತ್ತರದೊಡನೆ ಸಂಕರಿಸಿದ 'ಮೇಪಾನ್' ತಳಿಯನ್ನೂ ಹಂಚಿತು. ಗೆದ್ದೆವೆಂಬ ಭಾವನೆ ಎಲ್ಲೆಡೆ ಮೂಡಿತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅವೂ ಸಾಯತೊಡಗಿದವು. ಆಗ ಸೇಂಟ್ ಥಾಮಸ್ ಪ್ರಾಂತದ ಬೆಳೆಗಾರರೊಬ್ಬರು ಅನುಸರಿಸಿದ ಕ್ರಮ ಗಮನಾರ್ಹ: ವಾರವಾರವೂ ತೋಟ ಸುತ್ತುವುದು, ಮೊದಲ ಲಕ್ಷಣ ಕಂಡೊಡನೆ ಆ ಮರವನ್ನು ಕಡಿದು ಸುಡುವುದು, ಸಸಿ ನೆಡುವುದು. ಫಲ ಕೊಡುವ ಮರಕ್ಕೆ ಕೊಡಲಿ ಹಾಕಲು ಯಾರಿಗೆ ಮನಸ್ಸು ಬಂದೀತು? ಆದರೂ ಅವರ ತೋಟ ಉಳಿಯಿತು. ಈ ಕ್ರಮವನ್ನು ಇತರರೂ ಅನುಸರಿಸಿದರು.

ದೂರದ ದ್ವೀಪದ ಕಥೆಯೆಂದು ಇದನ್ನು ಬದಿಗಿಡುವಂತಿಲ್ಲ. 1998ರಲ್ಲಿ ಕೇರಳದಲ್ಲಿ ಪತ್ತೆಯಾಗಿ, ಬಳಿಕ ಇಲ್ಲಿಯ ಕಾಯಿಗಳನ್ನು ಕುಗ್ಗಿಸಿದ ನುಸಿಯನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು 1965ರಲ್ಲಿ, ಮೆಕ್ಸಿಕೋದ ಗೆರೆರೋ ಪ್ರಾಂತದ ಮಾದರಿಗಳಲ್ಲಿ. 2003ರ ಸಸ್ಯ ಕ್ವಾರಂಟೈನ್ ಆದೇಶವು ಮಾರಕ ಹಳದಿ ರೋಗವಿರುವ ದೇಶಗಳಿಂದ ಬಿತ್ತನೆ ಕಾಯಿ ತರುವುದನ್ನು ನಿಷೇಧಿಸಿರುವುದು ಈ ಕಾರಣದಿಂದಲೇ. ಉಂಡೆ ಕೊಬ್ಬರಿಯ ವ್ಯಾಪಾರದಲ್ಲಂತೂ ಮತ್ತೊಂದು ತೊಡಕಿದೆ. ಅಟ್ಟಕ್ಕೇರಿದ ಕಾಯಿ ನೀರು ಬತ್ತಿ, ಒಳಗೆ ಕೊಬ್ಬರಿ ಸದ್ದು ಮಾಡಲು ಹತ್ತು ಹನ್ನೊಂದು ತಿಂಗಳು ಬೇಕು. ಇಂದು ತಿಪಟೂರಿನ ಹರಾಜಿಗೆ ಬರುವ ಮಾಲು ಕಳೆದ ವರ್ಷದ ತೋಟದ್ದು. ಈ ವರ್ಷ ತೋಟಕ್ಕೆ ತಗುಲಿದ ಪೆಟ್ಟು ಮಾರುಕಟ್ಟೆಯ ಆವಕದಲ್ಲಿ ಕಾಣುವುದು ಮುಂದಿನ ವರ್ಷ.